ರಿಮೋಟ್ ಡಂಪರಿಗೊಂದು ಸ್ಟೇರಿಂಗು



ಕಳೆದ ತಿಂಗಳು ಸಂಜೆಯ ಕಾರ್ಯಕ್ರಮದಲ್ಲಿ ಎರಡು ಹಾಡುಗಳ ನಡುವೆ, "ಈ ಭಾನುವಾರ ನಾನೂ ನಮ್ಮಪ್ಪನೂ ಸೊಸೈಟಿ ಕಾಂಪೌಂಡಿನಲ್ಲಿ ಡಂಪರ್ ಓಡಿಸಿದೆವು" ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಅಂದಿನಿಂದ ಸ್ಟುಡಿಯೋಗೆ ಬರುವ ಸಂದೇಶಗಳಲ್ಲಿ ಅರ್ಧ ಹಾಡಿನ ಕೋರಿಕೆ, ಇನ್ನರ್ಧ ಡಂಪರಿನ ವಿಚಾರಣೆ. ಡೊಂಬಿವಲಿಯ ಕೇಳುಗರೊಬ್ಬರು ಬರೆದದ್ದು ಹೀಗಿತ್ತು: "ಮೇಡಂ, ನಾನೂ ಮಗನಿಗಾಗಿ ಒಂದು ದೊಡ್ಡ ರಿಮೋಟ್ ಲಾರಿ ಮಾಡಿದೆ. ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುತ್ತದೆ. ಆದರೆ ತಿರುಗುವುದಿಲ್ಲ."

ಆ ಕೊನೆಯ ಎರಡು ಪದಗಳಿಗಾಗಿಯೇ ಈ ಲೇಖನ. ನಾನು ಓದಿದ್ದು ಕನ್ನಡ ಬಿ.ಎ. ಪಂಪನ ವೃತ್ತಗಳಿಗೆ ಲಘು ಗುರು ಹಾಕಿ ಗೊತ್ತೇ ಹೊರತು ಗೇರು ಹಲ್ಲು ಎಣಿಸಿ ಗೊತ್ತಿರಲಿಲ್ಲ. ಹಾಗಾಗಿ ಇಲ್ಲಿರುವುದೆಲ್ಲ ಕೆಡಿಸಿ ಕೆಡಿಸಿ ಕಲಿತದ್ದು.

ಮೊದಲು ಅಪ್ಪನ ವಿಷಯ ಹೇಳದೆ ಮುಂದುವರಿಯಲಾಗದು. ನಾನು ಹುಟ್ಟಿ ಬೆಳೆದದ್ದು ಕುದುರೆಮುಖದ ಗಣಿ ಕಾಲೊನಿಯಲ್ಲಿ. ಅಪ್ಪ ಅಲ್ಲಿ ಡಂಪರ್ ಆಪರೇಟರ್. ಅವರ ಗಾಡಿಯ ಟೈರು ಅವರ ತಲೆಗಿಂತ ಎರಡು ಮೊಳ ಎತ್ತರ. ಬೆಟ್ಟದಿಂದ ಅಗೆದ ಅದಿರು ನುಣ್ಣಗೆ ಪುಡಿಯಾಗಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿಗೆ ಅದು ಒಳ್ಳೆಯದೇ ಆಯಿತು ಎನ್ನುವವಳು ನಾನು, ಅಪ್ಪನೂ ಅಲ್ಲವೆನ್ನುವುದಿಲ್ಲ. ಆದರೆ ಐವತ್ತೆರಡನೆಯ ವಯಸ್ಸಿಗೆ ಗಾಡಿಯಿಂದ ಇಳಿದ ಮನುಷ್ಯ ಮತ್ತೆ ಆ ವಿಷಯ ಎತ್ತಲೇ ಇಲ್ಲ. ಅಮ್ಮ ಹೋದ ಮೇಲೆ ಮುಂಬಯಿಗೆ, ನನ್ನ ಎರಡು ಕೋಣೆಯ ಮನೆಗೆ ಬಂದರು. ಬಾಲ್ಕನಿಯಲ್ಲಿ ಕೂತು ಕೆಳಗಿನ ಕಟ್ಟಡದ ಕೆಲಸಕ್ಕೆ ಬರುವ ಟಿಪ್ಪರುಗಳನ್ನು ನೋಡುವುದು, "ಅವನಿಗೆ ರಿವರ್ಸ್ ಬರೋದಿಲ್ಲ" ಎನ್ನುವುದು, ಅಷ್ಟೇ. ಒಂದು ದಿನ ನಾನೇ ಕೇಳಿದೆ: "ಅಪ್ಪಾ, ಒಂದು ಡಂಪರ್ ಮಾಡೋಣವಾ?" ಅವರು ಕನ್ನಡಕದ ಮೇಲಿಂದ ನೋಡಿ, "ಸ್ಟೇರಿಂಗ್ ಸರಿ ಇರೋದಾದ್ರೆ ಮಾಡೋಣ" ಎಂದರು.

ಅಳತೆ ಎಲ್ಲಿಂದ ಶುರು? ಆಟಿಕೆ ಮಾಡುವವರು ಸಾಮಾನ್ಯವಾಗಿ ಚಿತ್ರ ನೋಡಿ ಇಷ್ಟುದ್ದ ಇಷ್ಟಗಲ ಎಂದು ತೀರ್ಮಾನಿಸಿ ಆಮೇಲೆ ಚಕ್ರ ಹುಡುಕಲು ಹೊರಡುತ್ತಾರೆ. ಹಾಗೆ ಹೋದರೆ ಚಕ್ರ ಸಿಗುವುದಿಲ್ಲ. ಮೊದಲು ಚಕ್ರ ಹುಡುಕಿ, ಆಮೇಲೆ ಗಾಡಿ ಅಳೆಯಿರಿ. ನಾವು ಮಾದರಿಗೆ ಇಟ್ಟುಕೊಂಡದ್ದು ನೂರು ಟನ್ ವರ್ಗದ ಡಂಪರ್; ನಮ್ಮ ಮೈಸೂರಿನ ಬೆಮೆಲ್ ಕಾರ್ಖಾನೆಯಲ್ಲಿ ತಯಾರಾಗುವ ಬಿಎಚ್ 100 ಆ ವರ್ಗದ್ದೇ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ 27.00-49 ಎಂಬ ಟೈರು, ಎಂದರೆ 27 ಅಂಗುಲ ಅಗಲ, 49 ಅಂಗುಲ ರಿಮ್ಮು, ಒಟ್ಟು ಎತ್ತರ ಸುಮಾರು 2.7 ಮೀಟರ್. ಇತ್ತ ಮಣ್ಣು ಹೊರುವ ಒಂಟಿಚಕ್ರದ ತಳ್ಳುಗಾಡಿಗೆ ಹಾಕುವ 3.50-8 ಟೈರಿನ ಎತ್ತರ 34 ಸೆಂ.ಮೀ. ಆಸುಪಾಸು. ಭಾಗಿಸಿದರೆ ಎಂಟು! ಅಗಲವೂ ಹೆಚ್ಚುಕಡಿಮೆ ಕೂಡಿಬಂತು. ಎಂಟರಲ್ಲಿ ಒಂದು ಪಾಲು ಎಂದು ಅಲ್ಲಿಗೆ ನಿಶ್ಚಯವಾಯಿತು. ಉದ್ದ ಒಂದೂಕಾಲು ಮೀಟರ್. ಮನೆಯೊಳಗೆ ಎಲ್ಲಿಡುವುದು ಎಂಬ ಪ್ರಶ್ನೆಯನ್ನು ಇಬ್ಬರೂ ಜಾಣತನದಿಂದ ಮುಂದಕ್ಕೆ ಹಾಕಿದೆವು.

ಟೈರು ಆರು ಬೇಕು: ಮುಂದೆ ಎರಡು, ಹಿಂದೆ ಜೋಡಿ ಜೋಡಿಯಾಗಿ ನಾಲ್ಕು. ಇದು ಚಂದಕ್ಕಲ್ಲ. ತುಂಬಿದ ಡಂಪರಿನ ಭಾರದಲ್ಲಿ ಮೂರನೇ ಒಂದು ಪಾಲು ಮುಂದಿನ ಅಚ್ಚಿಗೆ, ಮೂರನೇ ಎರಡು ಪಾಲು ಹಿಂದಿನದಕ್ಕೆ ಬೀಳುವಂತೆ ಗಾಡಿ ಕಟ್ಟಿರುತ್ತಾರೆ. ಲೆಕ್ಕ ಹಾಕಿ ನೋಡಿ, ಆರು ಟೈರಿಗೂ ಸಮಪಾಲು. ಇದನ್ನು ಅಪ್ಪ ಊಟದ ತಟ್ಟೆಯಲ್ಲಿ ಆರು ಉಪ್ಪಿನಕಾಯಿ ಹೋಳು ಇಟ್ಟು ವಿವರಿಸಿದರು.

ಉಳಿದ ಸಾಮಾನು ಮುಂಬಯಿಯಲ್ಲಿ ಎಲ್ಲಿ ಎಂದು ಕೇಳಬೇಡಿ. ಕುರ್ಲಾದ ಗುಜರಿ ಸಾಲಿನಲ್ಲಿ ಕಾರಿನ ವೈಪರ್ ಮೋಟರು, ನಾಗದೇವಿ ಬೀದಿಯಲ್ಲಿ ಬೇರಿಂಗು ಬೋಲ್ಟು, ಲ್ಯಾಮಿಂಗ್ಟನ್ ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸು. ಚೆನ್ನೈನವರಿಗೆ ಪುದುಪೇಟೆ ಮತ್ತು ರಿಚಿ ಸ್ಟ್ರೀಟ್, ಹೈದರಾಬಾದಿನವರಿಗೆ ರಾಣಿಗಂಜ್ ಮತ್ತು ಕೋಠಿಯ ಗುಜರಾತಿ ಗಲ್ಲಿ, ಪುಣೆಯವರಿಗೆ ಬುಧವಾರ ಪೇಠೆ, ದೆಹಲಿಯವರಿಗೆ ಲಾಜಪತ್ ರಾಯ್ ಮಾರುಕಟ್ಟೆ. ರಿಮೋಟು, ಸರ್ವೋ ಮೋಟರು ಮತ್ತು ವೇಗ ನಿಯಂತ್ರಕ ಮಾತ್ರ ಹೊಸದು ಕೊಳ್ಳಿ. ಮಿಕ್ಕಿದ್ದಕ್ಕೆ ಗುಜರಿಯೇ ಸಾಕು.

ಇನ್ನು ತಿರುಗುವ ಮಾತು. ನಮ್ಮೂರ ತೇರು ನೆನಪಿಸಿಕೊಳ್ಳಿ. ಅದಕ್ಕೆ ಸ್ಟೇರಿಂಗೇ ಇಲ್ಲ. ಚಕ್ರದ ಅಡಿಗೆ ಮರದ ತುಂಡು ಕೊಟ್ಟು, ಉಜ್ಜಿಸಿ, ಒರಗಿಸಿ ಬೀದಿಯ ತಿರುವು ದಾಟಿಸುತ್ತಾರೆ. ನಾಲ್ಕು ಚಕ್ರದ ಹಳೆಯ ಕುದುರೆಗಾಡಿಗಳಲ್ಲಿ ಮುಂದಿನ ಇಡೀ ಅಚ್ಚೇ ನಡುವಿನ ಒಂದು ಗೂಟದ ಸುತ್ತ ತಿರುಗುತ್ತಿತ್ತು. ಅದಕ್ಕೆ ಜಾಗ ಬಹಳ ಬೇಕು, ಬಿಗಿ ತಿರುವಿನಲ್ಲಿ ಗಾಡಿ ಮಗುಚುವ ಭಯವೂ ಇತ್ತು. ಅಚ್ಚು ಅಲ್ಲೇ ಇರಲಿ, ಎರಡು ಚಕ್ರಗಳು ಮಾತ್ರ ತಂತಮ್ಮ ಗೂಟದ ಮೇಲೆ ಹೊರಳಲಿ ಎಂಬ ಉಪಾಯವನ್ನು ಮ್ಯೂನಿಕ್ಕಿನ ಗಾಡಿ ಕಟ್ಟುವ ಲ್ಯಾಂಕೆನ್‌ಸ್ಪೆರ್ಗರ್ ಮಾಡಿದ. 1818ರಲ್ಲಿ ಅದಕ್ಕೆ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್, ಪುಸ್ತಕ ಮತ್ತು ಚಿತ್ರಗಳ ಪ್ರಕಾಶಕ. ಹೆಸರು ಉಳಿದದ್ದು ಪ್ರಕಾಶಕನದು. ಲೇಖಕರಾದ ಕೇಳುಗರು ಇದನ್ನು ಗಮನಿಸಬೇಕು.

ನಾವು ಮೊದಲು ಮಾಡಿದ ಸ್ಟೇರಿಂಗ್ ಹೀಗಿತ್ತು. ಎರಡು ಮುಂದಿನ ಚಕ್ರಕ್ಕೂ ಒಂದೊಂದು ಕಿಂಗ್‌ಪಿನ್, ಪ್ರತಿಯೊಂದರಿಂದ ನೇರ ಹಿಂದಕ್ಕೆ ಚಾಚಿದ ಒಂದೊಂದು ಕಬ್ಬಿಣದ ಕೈ, ಎರಡು ಕೈಗಳನ್ನು ಸೇರಿಸುವ ಟೈ ರಾಡು. ಒಂದು ಚಕ್ರ ಎಷ್ಟು ತಿರುಗಿದರೆ ಇನ್ನೊಂದೂ ಅಷ್ಟೇ. ನೋಡಲು ಬಲು ಚಂದ. ಕಾಂಪೌಂಡಿನ ಫರಸಿ ಕಲ್ಲಿನ ಮೇಲೆ ತಿರುಗಿಸಿದೊಡನೆ ಟೈರು ಕಿರ್ರೆಂದು ಕೂಗಿತು. ಅಪ್ಪ ಬೆನ್ನು ತಿರುಗಿಸಿ ಕೂತಿದ್ದರು. ನೋಡದೆಯೇ ಹೇಳಿದರು: "ಒಂದು ಚಕ್ರ ಇನ್ನೊಂದರ ಜೊತೆ ಜಗಳ ಆಡ್ತಾ ಉಂಟು ಮಗಳೇ."

ಜಗಳ ಯಾಕೆಂದರೆ, ತಿರುವಿನಲ್ಲಿ ಒಳಗಿನ ಚಕ್ರ ಚಿಕ್ಕ ವೃತ್ತದಲ್ಲಿ, ಹೊರಗಿನದು ದೊಡ್ಡ ವೃತ್ತದಲ್ಲಿ ಹೋಗಬೇಕು. ಎರಡು ವೃತ್ತಕ್ಕೂ ಕೇಂದ್ರ ಒಂದೇ, ಅದು ಹಿಂದಿನ ಅಚ್ಚನ್ನು ಪಕ್ಕಕ್ಕೆ ಎಳೆದ ಗೆರೆಯ ಮೇಲಿರುತ್ತದೆ. ಚಿಕ್ಕ ವೃತ್ತಕ್ಕೆ ಚಕ್ರ ಹೆಚ್ಚು ಹೊರಳಬೇಕು, ದೊಡ್ಡದಕ್ಕೆ ಕಡಿಮೆ. ನಮ್ಮ ಗಾಡಿಯಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 57 ಸೆಂ.ಮೀ., ಕಿಂಗ್‌ಪಿನ್ನುಗಳ ನಡುವೆ 44 ಸೆಂ.ಮೀ. ಒಳಚಕ್ರ 35 ಡಿಗ್ರಿ ಹೊರಳಿದಾಗ ಹೊರಚಕ್ರ 24ರಿಂದ 25 ಡಿಗ್ರಿ ಮಾತ್ರ ಹೊರಳಬೇಕು. ಹತ್ತು ಡಿಗ್ರಿಯ ಅಂತರ! ನಾವು ಅದನ್ನು ಕೊಡದೆ ಇದ್ದುದಕ್ಕೇ ಟೈರು ಕೂಗಿದ್ದು. ಆಂಗಡಿಯ ಸಣ್ಣ ಆಟಿಕೆಗಳಲ್ಲಿ ಇದು ತಿಳಿಯುವುದಿಲ್ಲ, ಭಾರವೇ ಇಲ್ಲವಲ್ಲ, ಜಾರಿಕೊಂಡು ತಿರುಗುತ್ತವೆ. 45 ಕೆ.ಜಿ. ಗಾಡಿಗೆ ಜಾರುವ ಅವಕಾಶವಿಲ್ಲ.

ಪರಿಹಾರ ಮಾತ್ರ ಆಶ್ಚರ್ಯ ಹುಟ್ಟಿಸುವಷ್ಟು ಸರಳ. ಹಿಂದಿನ ಅಚ್ಚಿನ ನಟ್ಟನಡುವೆ ಒಂದು ಮೊಳೆ ಇಟ್ಟು, ಅಲ್ಲಿಂದ ಎರಡೂ ಕಿಂಗ್‌ಪಿನ್ನಿಗೆ ದಾರ ಬಿಗಿಯಿರಿ. ಆ ದಾರದ ಗುಂಟ ಚಕ್ರದ ಕೈಗಳು ಒಳಕ್ಕೆ ವಾಲಬೇಕು, ಅಷ್ಟೇ. ನಮ್ಮ ಅಳತೆಯಲ್ಲಿ ಅದು 21 ಡಿಗ್ರಿ. ಕೈ 8 ಸೆಂ.ಮೀ. ಉದ್ದವಿದ್ದರೆ ಟೈ ರಾಡು 44 ಅಲ್ಲ, ಸುಮಾರು 38 ಸೆಂ.ಮೀ. ಆಗುತ್ತದೆ. ಹೀಗೆ ವಾಲಿದ ಕೈಗಳು ತಿರುಗುವಾಗ ಒಂದು ಹೆಚ್ಚು, ಒಂದು ಕಡಿಮೆ ಸರಿಯುತ್ತವೆ. ಇದು ಕರಾರುವಾಕ್ಕಾದ ಲೆಕ್ಕವಲ್ಲ, ಹತ್ತಿರದ್ದು. ನಮ್ಮ ಕೆಲಸಕ್ಕೆ ಧಾರಾಳ ಸಾಕು. ನೀವು ಟೈ ರಾಡನ್ನು ಅಚ್ಚಿನ ಮುಂದೆ ಇಡುವುದಾದರೆ ಕೈಗಳು ಹೊರಕ್ಕೆ ವಾಲಬೇಕು, ಮರೆಯಬೇಡಿ. ನಾವು ಸೀಮೆಸುಣ್ಣದಲ್ಲಿ ನೆಲದ ಮೇಲೆ ನಿಜಗಾತ್ರದ ಗೆರೆ ಎಳೆದು, ದಾರ ಬಿಗಿದು, ಅದರ ಮೇಲೆಯೇ ಕೈಗಳನ್ನು ಇಟ್ಟು ವೆಲ್ಡಿಂಗ್‌ಗೆ ಗುರುತು ಮಾಡಿದೆವು. ವಾಚ್‌ಮನ್ ರಂಗೋಲಿ ಎಂದುಕೊಂಡು ಎರಡು ದಿನ ಗುಡಿಸದೆ ಬಿಟ್ಟ.

ಟೈರಿನ ಕೂಗು ನಿಂತಿತು. ಆದರೆ ಮೂರನೇ ದಿನ ಸರ್ವೋ ಸತ್ತಿತು.

ಸರ್ವೋ ಎಂದರೇನು ಎಂದು ಗೊತ್ತಿಲ್ಲದವರಿಗೆ: ಒಂದು ಪುಟ್ಟ ಪೆಟ್ಟಿಗೆಯಲ್ಲಿ ಮೋಟರು, ಗೇರುಗಳು, ಜೊತೆಗೆ ಒಂದು ವಾಲ್ಯೂಮ್ ಕಂಟ್ರೋಲು. ಹೌದು, ನಾನು ಸ್ಟುಡಿಯೋದಲ್ಲಿ ದಿನವೂ ತಳ್ಳುವ ಫೇಡರಿನ ಸೋದರನೇ. ತನ್ನ ಕೈ ಈಗ ಎಷ್ಟು ತಿರುಗಿದೆ ಎಂಬುದನ್ನು ಸರ್ವೋ ಅದರಿಂದ ತಿಳಿಯುತ್ತದೆ. ರಿಮೋಟಿನ ರಿಸೀವರು ಸೆಕೆಂಡಿಗೆ ಸುಮಾರು 50 ಸಲ ಒಂದು ಮಿಡಿತ ಕಳಿಸುತ್ತದೆ. ಮಿಡಿತದ ಉದ್ದ 1.5 ಮಿಲಿಸೆಕೆಂಡ್ ಇದ್ದರೆ ನೇರ, 1 ಆದರೆ ಒಂದು ಕಡೆ, 2 ಆದರೆ ಇನ್ನೊಂದು ಕಡೆ. ಹೇಳಿದ ಜಾಗಕ್ಕೂ ತಾನಿರುವ ಜಾಗಕ್ಕೂ ವ್ಯತ್ಯಾಸ ಇರುವವರೆಗೆ ಮೋಟರು ಬಿಡದೆ ತಳ್ಳುತ್ತಲೇ ಇರುತ್ತದೆ. ಕೆಟ್ಟದ್ದೂ ಈ ಹಟದಿಂದಲೇ. ನಾವು ಹಾಕಿದ್ದು 20 ಕೆ.ಜಿ. ಸೆಂ.ಮೀ. ಬಲದ್ದು. ಗಾಡಿ ನಿಂತಲ್ಲೇ ಇದ್ದಾಗ ನಾನು ಪೂರ್ತಿ ತಿರುಗಿಸಿದೆ. ಒಳಗೆ ಕಟಕಟ ಎಂದಿತು, ಗೇರಿನ ಹಲ್ಲು ಉದುರಿತು.

ಇಲ್ಲಿ ಅಪ್ಪನ ಅನುಭವ ನನ್ನ ಓದಿಗಿಂತ ಮುಂದೆ ಓಡಿತು. "ಕಿಂಗ್‌ಪಿನ್ ಚಕ್ರದಿಂದ ದೂರ ಉಂಟಲ್ಲ, ಅದಕ್ಕೆ ಭಾರ" ಎಂದರು. ಬಾಗಿಲಿನ ಉದಾಹರಣೆ ಕೊಟ್ಟರು. ಕೀಲಿನಿಂದ ದೂರವಿರುವ ಚಕ್ರ ತಿರುಗಬೇಕಾದರೆ ನೆಲದ ಮೇಲೆ ಉಜ್ಜಿಕೊಂಡು ಒಂದು ಕಮಾನಿನಲ್ಲೇ ಸಾಗಬೇಕು. ಕೀಲು ಚಕ್ರದ ಹೊಟ್ಟೆಯೊಳಗೇ ಇದ್ದರೆ ಚಕ್ರ ಇದ್ದಲ್ಲೇ ಹೊರಳುತ್ತದೆ. ಆಮೇಲೆ ಕೂತು ಲೆಕ್ಕ ಹಾಕಿದೆ. ನಮ್ಮ ಮುಂದಿನ ಅಚ್ಚಿನ ಮೇಲೆ ಸುಮಾರು 20 ಕೆ.ಜಿ. ಭಾರ. ಕಿಂಗ್‌ಪಿನ್ ಚಕ್ರದ ನಡುಗೆರೆಯಿಂದ 5 ಸೆಂ.ಮೀ. ದೂರವಿದ್ದಾಗ, ನಿಂತ ಗಾಡಿಯ ಎರಡೂ ಚಕ್ರ ಹೊರಳಿಸಲು 90 ಕೆ.ಜಿ. ಸೆಂ.ಮೀ. ಹತ್ತಿರ ಬೇಕು; 1 ಸೆಂ.ಮೀ.ಗೆ ತಂದರೆ ಅದರ ಅರ್ಧಕ್ಕೂ ಕಡಿಮೆ. ಲೇತ್ ಅಂಗಡಿಯಲ್ಲಿ ಚಕ್ರದ ನಡುಗೊಳವೆ ಕತ್ತರಿಸಿ, ಬೇರಿಂಗನ್ನು ಹೊರಗಿನ ಬದಿಗೆ ಸರಿಸಿ, ಕಿಂಗ್‌ಪಿನ್ ರಿಮ್ಮಿನೊಳಗೆ ಕೂರುವಂತೆ ಮಾಡಿಸಿದೆವು. ಸರ್ವೋ 60 ಕೆ.ಜಿ. ಸೆಂ.ಮೀ. ಬಲದ, ಉಕ್ಕಿನ ಗೇರಿನದು ತಂದೆವು. ಅದಕ್ಕೆ ಕರೆಂಟನ್ನು ರಿಸೀವರಿನಿಂದ ಕೊಡಬೇಡಿ, ಬ್ಯಾಟರಿಯಿಂದ ಬೇರೆಯೇ ಆದ 6 ವೋಲ್ಟಿನ ದಾರಿ ಮಾಡಿ. ಇಲ್ಲದಿದ್ದರೆ ಸ್ಟೇರಿಂಗ್ ತಿರುಗಿದಾಗಲೆಲ್ಲ ರಿಸೀವರು ತೂಕಡಿಸುತ್ತದೆ. ಸರ್ವೋಗೂ ಟೈ ರಾಡಿಗೂ ನಡುವೆ ಒಂದು ಗಟ್ಟಿ ಸ್ಪ್ರಿಂಗ್ ಇಡಿ. ಚಕ್ರ ಕಲ್ಲಿಗೆ ಬಡಿದರೆ ಪೆಟ್ಟು ಸ್ಪ್ರಿಂಗಿಗೆ ಬೀಳಲಿ, ಹಲ್ಲಿಗೆ ಬೇಡ. ಎಲ್ಲಕ್ಕಿಂತ ಮುಖ್ಯ, ಅಪ್ಪನ ಹಳೆಯ ಅಭ್ಯಾಸ: ಗಾಡಿ ಒಂದಿಷ್ಟು ಉರುಳಲು ಬಿಟ್ಟು ಆಮೇಲೆ ತಿರುಗಿಸಿ. ನಿಜವಾದ ಡಂಪರಿಗೆ ಹೈಡ್ರಾಲಿಕ್ ಸ್ಟೇರಿಂಗ್ ಇದೆ, ಎಂಜಿನ್ ನಿಂತರೂ ಬದಿಗೆ ತರಲು ಎರಡನೆಯ ವ್ಯವಸ್ಥೆಯೂ ಇದೆ. ಆದರೂ ಹಳೆಯ ಆಪರೇಟರುಗಳು ನಿಂತ ಗಾಡಿಯ ಚಕ್ರ ಹೊರಳಿಸುವುದಿಲ್ಲವಂತೆ.

ಹಿಂದಿನ ಚಕ್ರಗಳ ಮಾತು ಸ್ಟೇರಿಂಗಿನ ಮಾತೇ ಹೌದು. ಎರಡೂ ಬದಿಯ ಚಕ್ರವನ್ನು ಒಂದೇ ಸಲಾಕೆಗೆ ಬಿಗಿದರೆ ಗಾಡಿ ನೇರ ಹೋಗಲು ಹಟ ಹಿಡಿಯುತ್ತದೆ, ಮುಂದಿನ ಚಕ್ರ ಎಷ್ಟು ಹೊರಳಿದರೂ ಸುಮ್ಮನೆ ಉಜ್ಜುತ್ತದೆ. ಡೊಂಬಿವಲಿಯವರ ಲಾರಿಯ ರೋಗ ಇದೇ ಇರಬಹುದೆಂದು ನನ್ನ ಗುಮಾನಿ. ನಾವು ಬದಿಗೊಂದರಂತೆ ಎರಡು ವೈಪರ್ ಮೋಟರು ಹಾಕಿದೆವು. ಭಾರವನ್ನು ಮೋಟರಿನ ಕಡ್ಡಿಯ ಮೇಲೆ ಹೇರಬಾರದು. ಚಕ್ರಕ್ಕೆ ಬೇರೆ ಅಚ್ಚು, ಅಚ್ಚಿಗೆ ಬೇರಿಂಗು, ನಡುವೆ ಸೈಕಲ್ ಚೈನು. ಫ್ರೀವ್ಹೀಲ್ ಹಾಕಿದರೆ ರಿವರ್ಸ್ ಇಲ್ಲ ಎಂಬುದು ಹಾಕಿದ ಮೇಲೆ ಹೊಳೆಯಿತು, ಅದನ್ನು ವೆಲ್ಡ್ ಮಾಡಿ ಬಿಗಿದೆವು. ಮೋಟರು ನಿಮಿಷಕ್ಕೆ 45 ಸುತ್ತು ಸುತ್ತಿದರೆ ಗಾಡಿ ಗಂಟೆಗೆ ಸುಮಾರು 3 ಕಿ.ಮೀ., ನಡೆಯುವ ಮನುಷ್ಯನಿಗಿಂತ ನಿಧಾನ. ಎಂಟರಿಂದ ಗುಣಿಸಿ ನೋಡಿ, ತುಂಬಿದ ಡಂಪರು ಗಣಿಯಲ್ಲಿ ಹೋಗುವ ಗತಿಯೇ.

ಎರಡು ಮೋಟರನ್ನೂ ಸರಣಿಯಲ್ಲಿ, ಎಂದರೆ ಒಂದರ ಹಿಂದೆ ಒಂದು ಜೋಡಿಸಿ, ಒಟ್ಟಿಗೆ 24 ವೋಲ್ಟ್ ಕೊಟ್ಟೆವು. ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ ಎರಡು. ಸರಣಿಯಲ್ಲಿ ಎರಡಕ್ಕೂ ಒಂದೇ ಕರೆಂಟು ಹರಿಯುವುದರಿಂದ ಬಲ ಸಮ. ವೇಗ ಮಾತ್ರ ಅವರವರ ಹೊರೆಗೆ ತಕ್ಕಂತೆ. ತಿರುವಿನಲ್ಲಿ ಹೊರಗಿನದು ತಾನಾಗಿ ಬೇಗ ಸುತ್ತುತ್ತದೆ. ಕಾಸಿಲ್ಲದೆ ಬಂದ ಡಿಫರೆನ್ಶಿಯಲ್! ಒಂದು ಎಚ್ಚರಿಕೆ: ಎಷ್ಟೋ ವೈಪರ್ ಮೋಟರುಗಳಲ್ಲಿ ನೆಗೆಟಿವ್ ಒಳಗಿಂದೊಳಗೇ ಮೋಟರಿನ ಮೈಗೆ ಸೇರಿರುತ್ತದೆ. ಅಂಥವೆರಡನ್ನು ಕಬ್ಬಿಣದ ಚಾಸಿಗೆ ಬಿಗಿದು ಹೀಗೆ ಜೋಡಿಸಿದರೆ ಶಾರ್ಟ್. ನಮ್ಮ ಫ್ಯೂಸ್ ಹಾರಿತು, ಒಂದು ತಂತಿ ಸುಟ್ಟ ವಾಸನೆ ಮೂರನೇ ಮಹಡಿಗೂ ಹೋಯಿತು. ಮೋಟರಿನ ಮುಚ್ಚಳ ತೆಗೆದು ಆ ಬೆಸುಗೆ ಕತ್ತರಿಸಿ, ನೆಗೆಟಿವ್‌ಗೆ ಬೇರೆ ತಂತಿ ಹೊರತೆಗೆಯಬೇಕು.

ಹಿಂದಿನ ತೊಟ್ಟಿ ಎತ್ತಲು ಹಳೆಯ ದೊಡ್ಡ ಡಿಶ್ ಆಂಟೆನಾ ತಿರುಗಿಸುತ್ತಿದ್ದ ಆಕ್ಚುಯೇಟರ್ ಸಾಕು. 36 ವೋಲ್ಟಿನದು 24ರಲ್ಲಿ ನಿಧಾನವಾಗಿ ಎತ್ತುತ್ತದೆ, ನಿಧಾನವೇ ಚಂದ. ತೊಟ್ಟಿ ಮೇಲಿರುವಾಗ ಗಾಡಿ ತಿರುಗಿಸಬೇಡಿ.

ರೇಡಿಯೋದವಳಾಗಿ ರಿಮೋಟಿನ ಬಗ್ಗೆ ಎರಡು ಮಾತು ಆಡದಿದ್ದರೆ ತಪ್ಪಾದೀತು. 1898ರಲ್ಲೇ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ಜನರೆದುರು ಒಂದು ಪುಟ್ಟ ದೋಣಿಯನ್ನು ರೇಡಿಯೋ ಅಲೆಯಿಂದ ನಡೆಸಿ ತೋರಿಸಿದ್ದ. ನಮ್ಮ ಬಾನುಲಿ ಮಾತಾಡಲು ಕಲಿಯುವ ಮೊದಲೇ ಅದು ಚುಕ್ಕಾಣಿ ಹಿಡಿದಿತ್ತು! ಹಳೆಯ ರಿಮೋಟುಗಳು 27 ಮೆಗಾಹರ್ಟ್ಸ್‌ನವು. ಪಕ್ಕದ ಮನೆಯ ಹುಡುಗ ತನ್ನ ಕಾರು ಓಡಿಸಿದರೆ ನಿಮ್ಮದೂ ಓಡುತ್ತಿತ್ತು. ಈಗಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ; ಭಾರತದಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಈ ತರಂಗಾಂತರದಲ್ಲಿ 2005ರಿಂದ ಲೈಸೆನ್ಸ್ ಬೇಕಿಲ್ಲ. ಅನೇಕ ರಿಮೋಟುಗಳು ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರುತ್ತವೆ. ಈ ಜಿಗಿತದ ಉಪಾಯವೊಂದಕ್ಕೆ 1942ರಲ್ಲಿ ಪೇಟೆಂಟ್ ಪಡೆದವರಲ್ಲಿ ಒಬ್ಬಳು ಹಾಲಿವುಡ್ ನಟಿ ಹೆಡಿ ಲಮಾರ್, ಇನ್ನೊಬ್ಬ ಸಂಗೀತಗಾರ ಜಾರ್ಜ್ ಆಂಥೈಲ್. ಬಿ.ಎ. ಓದಿದವರು ಎದೆಗುಂದಬೇಕಿಲ್ಲ.

ರಿಮೋಟಿನಲ್ಲಿ ಫೇಲ್‌ಸೇಫ್ ಎಂಬ ಏರ್ಪಾಡು ಇರುತ್ತದೆ: ಸಿಗ್ನಲ್ ಹೋದರೆ ಮೋಟರು ನಿಲ್ಲಬೇಕು ಎಂದು ಮೊದಲೇ ಹೇಳಿಡುವುದು. ಗಾಡಿಯನ್ನು ಇಟ್ಟಿಗೆ ಮೇಲೆ ಎತ್ತಿಟ್ಟು, ಚಕ್ರ ತಿರುಗುತ್ತಿರುವಾಗ ರಿಮೋಟ್ ಆರಿಸಿ ಪರೀಕ್ಷಿಸದೆ ನೆಲಕ್ಕೆ ಇಳಿಸಲೇಬೇಡಿ. ಕಾಂಪೌಂಡಿನಲ್ಲಿ ಮಕ್ಕಳಿರುತ್ತಾರೆ, 45 ಕೆ.ಜಿ. ಆಟಿಕೆಯಲ್ಲ. ಗಾಡಿಯ ಮೇಲೆ ಕೈಗೆಟಕುವಂತೆ ಒಂದು ದೊಡ್ಡ ಕೆಂಪು ಸ್ವಿಚ್ಚೂ ಇರಲಿ.

ಎಲ್ಲ ಸಿದ್ಧವಾದ ಭಾನುವಾರ ಅಪ್ಪನ ಕೈಗೆ ರಿಮೋಟ್ ಕೊಟ್ಟೆ. ಅವರ ಬೆರಳು ಈಗ ನಡುಗುತ್ತವೆ. ಎರಡು ಪುಟ್ಟ ಕಡ್ಡಿಗಳ ರಿಮೋಟು. ಬೆರಳಿನ ನಡುಕವೆಲ್ಲ ಚಕ್ರಕ್ಕೆ ಹೋಗಿ ಗಾಡಿ ಹಾವಿನಂತೆ ಹರಿದಾಡಿತು. ಮಕ್ಕಳು ನಕ್ಕರು. ಅಪ್ಪ ಏನೂ ಹೇಳದೆ ರಿಮೋಟನ್ನು ಎದುರುಮನೆಯ ಹುಡುಗನ ಕೈಗಿಟ್ಟು, ಕಾಲು ನೋವೆಂದು ಮೇಲೆ ಹೋದರು. ಆ ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ.

ಒಂದು ವಾರ ನಾನು ರಿಮೋಟಿನ ಪುಸ್ತಕ ಓದಿದೆ. ಅದರಲ್ಲಿ ಎಕ್ಸ್‌ಪೋ ಎಂಬ ಒಂದು ಹೊಂದಾಣಿಕೆ ಉಂಟು. ಕಡ್ಡಿ ನಡುವಿನ ಆಸುಪಾಸಿನಲ್ಲಿ ಅಲುಗಿದರೆ ಚಕ್ರ ಬಲು ಸ್ವಲ್ಪ ಅಲುಗುತ್ತದೆ, ಅಂಚಿಗೆ ಹೋದಂತೆ ಪೂರ್ತಿ ಹೊರಳುತ್ತದೆ. ನಡುಕ ನಡುವಿನಲ್ಲೇ ಕಳೆದುಹೋಗುತ್ತದೆ, ತಿರುವು ಕಳೆಯುವುದಿಲ್ಲ. ಸರ್ವೋ ತಿರುಗುವ ವೇಗವನ್ನೂ ತಗ್ಗಿಸಬಹುದು. ನೂರು ಟನ್ನಿನ ಗಾಡಿ ಸಟಕ್ಕನೆ ಹೊರಳುವುದೂ ಇಲ್ಲವಲ್ಲ. ಕಡ್ಡಿಯ ರಿಮೋಟನ್ನು ಕೊಟ್ಟು, ಬದಿಯಲ್ಲಿ ಪುಟ್ಟ ಸ್ಟೇರಿಂಗ್ ಚಕ್ರವಿರುವ, ಪಿಸ್ತೂಲಿನಂತೆ ಹಿಡಿಯುವ ರಿಮೋಟು ತಂದೆ. ನಿಮ್ಮ ಮನೆಯ ಹಿರಿಯರಿಗೋ ತೀರ ಚಿಕ್ಕವರಿಗೋ ಮಾಡುವುದಾದರೆ ಮೊದಲೇ ಇದನ್ನೇ ಕೊಳ್ಳಿ.

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೆ, ಮಕ್ಕಳು ಏಳುವ ಮೊದಲು, ಇಬ್ಬರೇ ಇಳಿದೆವು. ಅಪ್ಪ ಪುಟ್ಟ ಚಕ್ರವನ್ನು ಎರಡು ಬೆರಳಲ್ಲಿ ಹಿಡಿದರು. ಗಾಡಿ ಉರುಳಿತು, ಆಮೇಲೆ ತಿರುಗಿತು, ನೀರಿನ ಟ್ಯಾಂಕಿನ ಸುತ್ತ ಒಂದೇ ಗುಂಡು ಸುತ್ತು, ಟೈರಿನ ಸದ್ದಿಲ್ಲ. ಆಮೇಲೆ ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ರಿವರ್ಸ್ ತಂದರು. ಗೋಡೆಗೂ ತೊಟ್ಟಿಗೂ ನಡುವೆ ಒಂದು ಗೇಣು ಇರುವಾಗ ನಿಲ್ಲಿಸಿ, ನಾನು ತುಂಬಿದ್ದ ಎರಡು ಬುಟ್ಟಿ ಜಲ್ಲಿಯನ್ನು ಗೋಡೆಯ ಬುಡಕ್ಕೆ ಸುರಿದರು. ತೊಟ್ಟಿ ಇಳಿಯುವವರೆಗೆ ಗಾಡಿ ಅಲುಗಿಸಲಿಲ್ಲ.

"ಹಾರ್ನ್ ಇಲ್ವಲ್ಲ ಮಾರಾಯ್ತಿ" ಎಂದರು ಕೊನೆಗೆ. "ಹೊರಡುವಾಗ ಮುಂದಕ್ಕಾದ್ರೆ ಎರಡು ಸಲ, ಹಿಂದಕ್ಕಾದ್ರೆ ಮೂರು ಸಲ ಹೊಡೀಬೇಕು. ಹೊಡೀದೆ ಗಾಡಿ ಎತ್ತಿದ್ರೆ ನಮ್ಮಲ್ಲಿ ಮೆಮೋ ಕೊಡ್ತಿದ್ರು."

ರಿಸೀವರಿನಲ್ಲಿ ಇನ್ನೊಂದು ಚಾನೆಲ್ ಖಾಲಿ ಇದೆ. ಈ ಶನಿವಾರ ಲ್ಯಾಮಿಂಗ್ಟನ್ ರಸ್ತೆಗೆ ಹೋಗುವವಳಿದ್ದೇನೆ.